‘ಓದಲೇಬೇಕಾದ’ ಪುಸ್ತಕ ಯಾರಿಗೆ?

ದೊಡ್ಡ ಪ್ರಶಸ್ತಿ ಬಂದ ಪುಸ್ತಕದ ಮಾರಾಟ ಏರುವುದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಓದುಗರು ಅದಕ್ಕೆ ಕೊಡುವ ಅಂಕ ಇಳಿಯುತ್ತದೆ ಎಂದರೆ ನಂಬುವುದು ಕಷ್ಟ. ಬಾಲಾಜ್ ಕೊವಾಚ್ ಮತ್ತು ಅಮಾಂಡಾ ಶಾರ್ಕಿ ಎಂಬ ಸಂಶೋಧಕರು 2014ರಲ್ಲಿ ಇದನ್ನೇ ತೋರಿಸಿಕೊಟ್ಟರು. ಪ್ರಶಸ್ತಿ ಗೆದ್ದ ಮತ್ತು ಕೊನೆಯ ಸುತ್ತಿನವರೆಗೆ ಬಂದು ಸೋತ 64 ಇಂಗ್ಲಿಷ್ ಪುಸ್ತಕಗಳನ್ನು ಆಯ್ದು, ಗುಡ್‌ರೀಡ್ಸ್ ತಾಣದಲ್ಲಿ ಓದುಗರು ಅವುಗಳ ಬಗ್ಗೆ ಬರೆದ 38,000ಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಅವರು ಹೋಲಿಸಿ ನೋಡಿದರು. ಪ್ರಶಸ್ತಿ ಘೋಷಣೆಯಾದ ಮೇಲೆ, ಸೋತ ಪುಸ್ತಕಗಳಿಗಿಂತ ಗೆದ್ದ ಪುಸ್ತಕಗಳ ಅಂಕವೇ ಹೆಚ್ಚು ಕುಸಿದಿತ್ತು.

ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದರ ಓದುಗರು ಬದಲಾಗಿದ್ದರು. ಪ್ರಶಸ್ತಿಗೆ ಮುಂಚೆ ಅದನ್ನು ಕೈಗೆತ್ತಿಕೊಂಡವರು ಆ ಬಗೆಯ ಬರವಣಿಗೆಯನ್ನು ಇಷ್ಟಪಡುವವರು, ಹುಡುಕಿಕೊಂಡು ಬಂದವರು. ಆಮೇಲೆ ಬಂದವರಲ್ಲಿ ಎಷ್ಟೋ ಮಂದಿ ತಾವಾಗಿ ಎಂದೂ ಆರಿಸಿಕೊಳ್ಳದಿದ್ದ ಪುಸ್ತಕವನ್ನು ಹೆಸರು ಕೇಳಿ ಕೊಂಡವರು. ಉದಾಹರಣೆಗೆ, ಬಾನು ಮುಷ್ತಾಕ್ ಅವರ ಕತೆಗಳ ಅನುವಾದ, ದೀಪಾ ಭಾಸ್ತಿ ಮಾಡಿದ ‘ಹಾರ್ಟ್ ಲ್ಯಾಂಪ್’, 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದಿತು. ಬಂಡಾಯ ಸಾಹಿತ್ಯದ ದಿನಗಳಿಂದ ಬಾನು ಅವರನ್ನು ಓದುತ್ತ ಬಂದವರ ನಿರೀಕ್ಷೆಯೂ ಟಿವಿ ಸುದ್ದಿ ನೋಡಿ ಅಂಗಡಿಗೆ ಹೋದವರ ನಿರೀಕ್ಷೆಯೂ ಒಂದೇ ಆಗಿರಲಾರದು.

ಇನ್ನೊಬ್ಬರಿಗೆ ಹೇಳುವಷ್ಟು ಯೋಗ್ಯತೆ ಪುಸ್ತಕದೊಳಗೇ ಇರುತ್ತದೆಂದು ನಾವು ನಂಬಿದ್ದೇವೆ. ಅದು ಅರ್ಧ ನಿಜ. ಆ ಅರ್ಧ ಎಷ್ಟು ಎಂಬುದನ್ನು ಅಳೆಯಲು ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಒಂದು ಜಾಣ ಪ್ರಯೋಗ ಹೂಡಿದ್ದರು. ಪ್ರಯೋಗ ನಡೆದದ್ದು ಪುಸ್ತಕಗಳ ಮೇಲಲ್ಲ, ಹೆಸರೇ ಕೇಳಿರದ ತಂಡಗಳ 48 ಹಾಡುಗಳ ಮೇಲೆ. ಅಂತರಜಾಲದಲ್ಲಿ ಭಾಗವಹಿಸಿದ 14,000ಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ಗುಂಪುಗಳಿಗೆ ಹಂಚಿದರು. ಒಂದು ಗುಂಪಿನವರಿಗೆ ಕಾಣುತ್ತಿದ್ದದ್ದು ಹಾಡು ಮತ್ತು ತಂಡಗಳ ಹೆಸರು ಮಾತ್ರ. ಉಳಿದ ಎಂಟು ಗುಂಪುಗಳಲ್ಲಿ, ತಮಗಿಂತ ಮುಂಚೆ ಬಂದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವೂ ಕಾಣುತ್ತಿತ್ತು. ಒಂದು ಗುಂಪಿನ ಲೆಕ್ಕ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೆಕ್ಕ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು, ಲೆಕ್ಕ ಕಾಣುವ ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೇರಿತ್ತು, ಇನ್ನೊಂದರಲ್ಲಿ 40ಕ್ಕೆ ಬಿದ್ದಿತ್ತು. ಆರಂಭದಲ್ಲಿ ಬಂದ ಕೆಲವರು ಏನನ್ನು ಆರಿಸಿಕೊಂಡರೋ ಅದೇ ಮುಂದಿನವರನ್ನು ಎಳೆದಿತ್ತು. ಆದರೆ ತೀರಾ ಒಳ್ಳೆಯ ಹಾಡುಗಳು ನೆಲಕಚ್ಚಿದ್ದು ಅಪರೂಪ, ತೀರಾ ಕಳಪೆಯವು ತಲೆಯೆತ್ತಿದ್ದೂ ಅಪರೂಪ. ಅಂದರೆ ಗುಣಮಟ್ಟ ಎರಡು ತುದಿಗಳಲ್ಲಿ ತನ್ನ ಮಾತು ನಡೆಸುತ್ತದೆ. ನಡುವಿನ ದೊಡ್ಡ ಬಯಲಿನಲ್ಲಿ ಅದೃಷ್ಟದ ಕಾರುಬಾರು. ‘ಹತ್ತನೇ ಮುದ್ರಣ’ ಎಂಬ ಮುಖಪುಟದ ಪಟ್ಟಿಯಿಂದ ನಮಗೆ ತಿಳಿಯುವುದೂ ಇಷ್ಟೇ: ತುಂಬ ಜನ ಕೊಂಡಿದ್ದಾರೆ.

ಇಲ್ಲೊಂದು ವ್ಯತ್ಯಾಸವನ್ನು ಮರೆಯಬಾರದು. ಹಾಡು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಕಾದಂಬರಿ ಹಲವು ಸಂಜೆಗಳನ್ನು ಕೇಳುತ್ತದೆ. ಆದ್ದರಿಂದ ಪುಸ್ತಕ ಹೇಳುವವರ ಹೊಣೆ ದೊಡ್ಡದು.

ಹೇಳಬೇಕೆಂಬ ತವಕ ಹುಟ್ಟುವುದಾದರೂ ಹೇಗೆ? ಮೆಲನಿ ಗ್ರೀನ್ ಮತ್ತು ಟಿಮೊಥಿ ಬ್ರಾಕ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದುಗರು ಕತೆಯಲ್ಲಿ ಎಷ್ಟು ಮುಳುಗುತ್ತಾರೆ ಎಂಬುದನ್ನು ಅಳೆಯಲು ಒಂದು ಪ್ರಶ್ನಾವಳಿ ರೂಪಿಸಿದರು. ಜತೆಗೆ ಒಂದು ಚಿಕ್ಕ ಪರೀಕ್ಷೆ: ಸುಳ್ಳು ಅನ್ನಿಸಿದ ಸಾಲುಗಳಿಗೆ ಪೆನ್ನಿನಿಂದ ಸುತ್ತು ಹಾಕಿ ಎಂದು ಓದುಗರಿಗೆ ಹೇಳಿದರು. ಕತೆಯಲ್ಲಿ ಆಳವಾಗಿ ಮುಳುಗಿದವರು ಕಡಿಮೆ ಸುತ್ತು ಹಾಕಿದ್ದರು. ಮೆಚ್ಚಿದ ಪುಸ್ತಕದ ದೋಷಗಳು ನಮಗೇಕೆ ಕಾಣುವುದಿಲ್ಲ, ಗೆಳೆಯರು ಅವನ್ನು ಎತ್ತಿ ತೋರಿಸಿದಾಗ ನಮಗೇಕೆ ಸಿಟ್ಟು ಬರುತ್ತದೆ ಎನ್ನುವುದಕ್ಕೆ ಇದರಲ್ಲಿ ಸುಳಿವಿದೆ. ಮುಳುಗಿದವರ ಸಾಕ್ಷ್ಯ ಪ್ರಾಮಾಣಿಕವೇ, ಆದರೆ ಅದರಲ್ಲಿ ಪುಸ್ತಕದ ಜತೆಗೆ ಅವರೂ ಸೇರಿರುತ್ತಾರೆ.

ಭಾವನೆಯ ಬಗೆಯೂ ಮುಖ್ಯ. ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಬರಹಗಳನ್ನು ಪರಿಶೀಲಿಸಿ, ಯಾವುದನ್ನು ಜನ ಹೆಚ್ಚು ಈಮೇಲ್ ಮಾಡುತ್ತಾರೆಂದು ನೋಡಿದರು. ಬೆರಗು, ಕೋಪ, ಆತಂಕ ಕೆರಳಿಸಿದ ಬರಹಗಳು ಹೆಚ್ಚು ಹಂಚಿಕೆಯಾದವು, ದುಃಖ ತರಿಸಿದವು ಹಿಂದುಳಿದವು. ಮೈಯನ್ನು ಎಬ್ಬಿಸುವ ಭಾವನೆ ಹಂಚಲು ದೂಡುತ್ತದೆ, ಕುಗ್ಗಿಸುವ ಭಾವನೆ ಸುಮ್ಮನಾಗಿಸುತ್ತದೆ ಎಂಬುದು ಅವರ ವಿವರಣೆ. ಪತ್ರಿಕೆಯ ಬರಹಕ್ಕೆ ಒಪ್ಪುವ ಮಾತು ಪುಸ್ತಕಕ್ಕೆ ಪೂರ್ತಿ ಒಪ್ಪದಿರಬಹುದು. ಆದರೂ ತಕ್ಷಣ ಕೂಗಿ ಹೇಳಬೇಕೆನಿಸಿದ್ದೇ ಹೇಳಲು ಹೆಚ್ಚು ಯೋಗ್ಯ ಎಂದುಕೊಳ್ಳಬಾರದು ಎನ್ನುವ ಎಚ್ಚರಿಕೆ ಇಲ್ಲಿದೆ. ಮೌನ ತರಿಸುವ ಪುಸ್ತಕವನ್ನು ನಾವು ಊರಿಗೆಲ್ಲ ಹೇಳದೆ ಆಯ್ದ ಒಬ್ಬರಿಗೆ ಹೇಳುತ್ತೇವೆ.

ಆ ‘ಆಯ್ದ ಒಬ್ಬರು’ ಮಿದುಳಿನಲ್ಲೂ ಕಾಣಸಿಗುತ್ತಾರೆ. ಎಮಿಲಿ ಫಾಕ್, ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಹೊಸ ಟಿವಿ ಕಾರ್ಯಕ್ರಮಗಳ ಕಲ್ಪನೆಗಳನ್ನು ಪರಿಚಯಿಸಿದರು. ಬಳಿಕ ಅವರು ಒಂದೊಂದರ ಬಗ್ಗೆಯೂ ಮಾತಾಡಿದ್ದನ್ನು ಚಿತ್ರೀಕರಿಸಿ ಬೇರೆಯವರಿಗೆ ತೋರಿಸಿದರು. ತಮ್ಮ ಮೆಚ್ಚುಗೆಯನ್ನು ಕೇಳುಗರಿಗೆ ಚೆನ್ನಾಗಿ ದಾಟಿಸಿದವರ ಮಿದುಳಿನಲ್ಲಿ, ಆ ಕಲ್ಪನೆಯನ್ನು ಮೊದಲ ಸಲ ಕಂಡ ಕ್ಷಣದಲ್ಲೇ, ಕಿವಿಯ ಹಿಂದೆ ತುಸು ಮೇಲಿರುವ ಟೆಂಪೊರೊಪರೈಟಲ್ ಜಂಕ್ಷನ್ ಎಂಬ ಭಾಗ ಹೆಚ್ಚು ಚುರುಕಾಗಿತ್ತು. ಇತರರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವಾಗ ಕೆಲಸ ಮಾಡುವ ಭಾಗ ಅದು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಮಿದುಳಿನ ಆ ಭಾಗಕ್ಕೆ ಬೇರೆ ಕೆಲಸಗಳೂ ಇವೆ. ಆದರೂ ಸೂಚನೆ ಸ್ವಾರಸ್ಯಕರ. ಚೆನ್ನಾಗಿ ಶಿಫಾರಸು ಮಾಡುವವರು ಇದು ನನಗೆ ಹಿಡಿಸಿತೇ ಎಂಬುದರ ಜತೆಯಲ್ಲೇ ಇದು ಯಾರಿಗೆ ಹಿಡಿಸೀತು ಎಂದೂ ಯೋಚಿಸುತ್ತಿರಬೇಕು.

ಗ್ರಂಥಪಾಲಕರು ಇದನ್ನು ಅನುಭವದಿಂದ ಕಂಡುಕೊಂಡಿದ್ದರು. ಊರಿಡೀ ಒಂದೇ ಪುಸ್ತಕ ಓದಲಿ ಎಂಬ ಕಾರ್ಯಕ್ರಮವನ್ನು 1998ರಲ್ಲಿ ಆರಂಭಿಸಿದ ಸಿಯಾಟಲ್‌ನ ನ್ಯಾನ್ಸಿ ಪರ್ಲ್, ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲುಗಳಿವೆ ಎನ್ನುತ್ತಾರೆ: ಕತೆ, ಪಾತ್ರ, ಪರಿಸರ, ಭಾಷೆ. ಪುಸ್ತಕ ಕೇಳಿಕೊಂಡು ಬಂದವರ ಹತ್ತಿರ ಅವರು ವಿಷಯ ಯಾವುದು ಬೇಕೆಂದು ವಿಚಾರಿಸುವುದಕ್ಕಿಂತ, ಹಿಂದೆ ಮೆಚ್ಚಿದ ಪುಸ್ತಕದ ಬಗ್ಗೆ ಮಾತಾಡಿಸಿ ಬಾಗಿಲು ಯಾವುದೆಂದು ಪತ್ತೆ ಮಾಡುತ್ತಾರೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೇ ತೆಗೆದುಕೊಳ್ಳಿ. 1980ರಿಂದ ಕೈಯಿಂದ ಕೈಗೆ ದಾಟುತ್ತಲೇ ಇರುವ ಕಾದಂಬರಿ. ಹಾರುವ ಓತಿಯ ಬೆನ್ನಟ್ಟುವ ಕುತೂಹಲಕ್ಕೆ ಓದುವವರು ಒಂದಷ್ಟು ಮಂದಿ. ಇನ್ನು ಕೆಲವರಿಗೆ ಮಂದಣ್ಣನೆಂಬ ಪಾತ್ರವೊಂದೇ ಸಾಕು. ಕಾಡು ನೋಡಲೆಂದೇ ಹೋಗುವವರಿದ್ದಾರೆ, ಆ ಗದ್ಯದ ತುಂಟತನಕ್ಕೆ ಸೋತವರೂ ಇದ್ದಾರೆ. ನಾಲ್ಕೂ ಬಾಗಿಲು ತೆರೆದಿಟ್ಟ ಪುಸ್ತಕ ಬಹಳ ಜನರಿಗೆ ಸಲ್ಲುವುದು ಸಹಜ. ಆದರೆ ಒಂದೇ ಬಾಗಿಲಿನ ಪುಸ್ತಕ ಕಡಿಮೆಯದಲ್ಲ. ಅದನ್ನು ಸರಿಯಾದವರ ಕೈಗೆ ತಲುಪಿಸುವ ಒಬ್ಬರು ಬೇಕು, ಅಷ್ಟೇ.

ಈ ಕೆಲಸವನ್ನು ಯಂತ್ರಗಳೂ ಮಾಡುತ್ತಿವೆ. ಇದನ್ನು ಕೊಂಡವರು ಅದನ್ನೂ ಕೊಂಡರು ಎಂಬ ಅಮೆಜಾನ್‌ನ ಪಟ್ಟಿ, ಖರೀದಿಗಳಲ್ಲಿ ಯಾವೆರಡು ವಸ್ತುಗಳು ಜೊತೆಜೊತೆಯಾಗಿ ಬರುತ್ತವೆ ಎಂಬ ಲೆಕ್ಕದ ಮೇಲೆ ನಿಂತಿದೆ. ನೀವು ಏನು ಕೊಂಡಿರಿ ಎಂಬುದು ಆ ಲೆಕ್ಕಕ್ಕೆ ಗೊತ್ತು. ಏಕೆ ಕೊಂಡಿರಿ, ಯಾವ ಬಾಗಿಲಿನಿಂದ ಹೊಕ್ಕಿರಿ ಎಂಬುದು ಗೊತ್ತಿಲ್ಲ. ನಕ್ಷತ್ರಗಳ ಸರಾಸರಿಯದೂ ಇದೇ ಕತೆ. ಜುಡಿತ್ ಶೆವಲಿಯರ್ ಮತ್ತು ದೀನಾ ಮೇಝ್ಲಿನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಅಂತರಜಾಲ ಪುಸ್ತಕದಂಗಡಿಗಳನ್ನು ಹೋಲಿಸಿದಾಗ, ಐದು ನಕ್ಷತ್ರದ ಅಭಿಪ್ರಾಯ ಮಾರಾಟವನ್ನು ಏರಿಸುವುದಕ್ಕಿಂತ ಒಂದು ನಕ್ಷತ್ರದ್ದು ಇಳಿಸುವುದೇ ಹೆಚ್ಚೆಂದು ಕಂಡಿತು. ಕೊಳ್ಳುವವರು ಸರಾಸರಿಯನ್ನಷ್ಟೇ ನೋಡದೆ ಬರೆದದ್ದನ್ನೂ ಓದುತ್ತಾರೆ ಎಂಬ ಸೂಚನೆಯೂ ಸಿಕ್ಕಿತು. ಜನ ಹುಡುಕುವುದು ಕಾರಣಗಳನ್ನು. ‘ಮೊದಲ ನೂರು ಪುಟ ನಿಧಾನ’ ಎಂಬ ದೂರು ಒಬ್ಬರನ್ನು ಓಡಿಸಿದರೆ, ಅವಸರವಿಲ್ಲದ ಇನ್ನೊಬ್ಬರನ್ನು ಕರೆತರುತ್ತದೆ.

ಹಾಗಾಗಿ ಪುಸ್ತಕ ಹೇಳುವ ಮುಂಚೆ ಮಾಡಿಕೊಳ್ಳಬಹುದಾದ ಪರೀಕ್ಷೆ ಸರಳ. ಇದನ್ನು ಯಾರಿಗೆ ಕೊಡುತ್ತೇನೆ ಎಂದು ಕೇಳಿಕೊಂಡರೆ ಒಂದು ಹೆಸರು ಹೊಳೆಯಬೇಕು, ಯಾರಿಗೆ ಕೊಡಲಾರೆ ಎಂದು ಕೇಳಿಕೊಂಡರೂ ಹೊಳೆಯಬೇಕು. ಎರಡಕ್ಕೂ ಉತ್ತರವಿದ್ದರೆ ನೀವು ಪುಸ್ತಕವನ್ನು ಅರ್ಥ ಮಾಡಿಕೊಂಡಿದ್ದೀರಿ, ಓದುಗರನ್ನೂ. ‘ಎಲ್ಲರೂ ಓದಲೇಬೇಕು’ ಎಂಬ ಮಾತು ಉತ್ಸಾಹವನ್ನು ತಿಳಿಸುತ್ತದೆ, ಮಾಹಿತಿಯನ್ನಲ್ಲ. ನಾಳೆ ಯಾರಾದರೂ ನಿಮಗೊಂದು ಪುಸ್ತಕ ಹೊಗಳಿದರೆ, ಅದರಲ್ಲಿ ನಿಮ್ಮನ್ನು ಹಿಡಿದದ್ದು ಏನು ಎಂದು ಕೇಳಿ. ಆ ಉತ್ತರ ಐದು ನಕ್ಷತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.