ನಿಂತು ನಡೆಸುವ ಜೆಟ್ ಸ್ಕೀಯ ಒಡಲು: ಅಲೆಯ ಮೇಲೆ ಮತ್ತು ನಿಶ್ಚಲ ಜಲದಲ್ಲಿ

ಜೆಟ್ ಸ್ಕೀ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು, ಕಡಲತೀರಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಆಸನವುಳ್ಳ ವಾಹನ. ನಾವಿಲ್ಲಿ ವಿಚಾರಿಸಹೊರಟಿರುವುದು ಅದನ್ನಲ್ಲ. ಇದರಲ್ಲಿ ಆಸನವೇ ಇಲ್ಲ. ಸವಾರನು ಹಿಂಭಾಗದ ತಗ್ಗಿನಲ್ಲಿ ನಿಂತು, ಮುಂಭಾಗದ ಕೀಲಿನ ಮೇಲೆ ಏರಿಳಿಯುವ ಉದ್ದನೆಯ ಹಿಡಿಕಂಬವನ್ನು ಹಿಡಿದು ನಡೆಸಬೇಕು. ಅಮೆರಿಕದ ಮೋಟಾರ್ ಸೈಕಲ್ ಪಂದ್ಯಗಾರ ಕ್ಲೇಟನ್ ಜೇಕಬ್ಸನ್ 1960ರ ದಶಕದಲ್ಲಿ ಇಂತಹ ವಾಹನವನ್ನು ಕಲ್ಪಿಸಿದನು. ಜಪಾನಿನ ಕಾವಾಸಾಕಿ ಸಂಸ್ಥೆಯು 1973ರ ವೇಳೆಗೆ ಅದನ್ನು ಮಾರುಕಟ್ಟೆಗೆ ತಂದಿತು. 1990ರಲ್ಲಿ ಯಮಾಹಾ ಸಂಸ್ಥೆಯ ಸೂಪರ್‌ಜೆಟ್ ಬಂದಿತು. ಅದರ ಒಡಲು 1996ರಲ್ಲಿಯೂ 2008ರಲ್ಲಿಯೂ ರೂಪ ಬದಲಿಸಿತು.

ಈ ವಾಹನದ ಆಟಗಳಲ್ಲಿ ಎರಡು ಮುಖ್ಯವಾದವು. ಒಂದು, ತೀರದಲ್ಲಿ ಒಡೆಯುವ ಅಲೆಗಳಿಗೆ ಎದುರಾಗಿ ಹೋಗಿ, ಅಲೆಯ ನೆತ್ತಿಯಿಂದ ಹಾರುವುದು. ಇನ್ನೊಂದು, ಅಲೆಯೇ ಇಲ್ಲದ ಕೊಳ ಸರೋವರಗಳಲ್ಲಿ ಗಾಳಿಗೆ ಚಿಮ್ಮಿ ಲಾಗ ಹಾಕುವುದು. ಇವೆರಡಕ್ಕೂ ಯಾವ ಒಡಲು ಉತ್ತಮ ಎಂದು ಕೇಳುವವರು ಬಹುಮಂದಿ. ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ದೊರೆಯದೆಂಬುದು ನಮ್ಮ ಅಭಿಪ್ರಾಯ. ವಾಹನವನ್ನು ಮೇಲಕ್ಕೆತ್ತುವ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ವಾಹನವು ನೀರಿನಿಂದ ಮೇಲೆದ್ದ ಕ್ಷಣವೇ ಪಂಪಿಗೆ ನೀರು ತಪ್ಪಿಹೋಗುತ್ತದೆ. ತಳ್ಳುವ ಬಲ ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ಸವಾರನು ಮೈ ಮುದುಡಿಕೊಂಡು ತಿರುಗುವ ವೇಗವನ್ನು ಕೊಂಚ ಹೆಚ್ಚಿಸಬಹುದೇ ಹೊರತು, ಒಟ್ಟಿನಲ್ಲಿ ಕೋನೀಯ ಸಂವೇಗವನ್ನು ಹೊಸದಾಗಿ ಗಳಿಸಲಾರನು. ಉದಾಹರಣೆಗೆ, ಸೆಕೆಂಡಿಗೆ 6 ಮೀಟರ್ ವೇಗದಿಂದ ಮೇಲಕ್ಕೆ ಚಿಮ್ಮಿದ ವಾಹನವು ಸುಮಾರು 1.8 ಮೀಟರ್ ಏರಿ, 1.2 ಸೆಕೆಂಡಿನೊಳಗೆ ಮರಳಿ ನೀರಿಗೆ ಬೀಳುತ್ತದೆ. ಪೂರ್ಣ ಲಾಗ ಹಾಕಬೇಕಾದರೆ ಆ ಅವಧಿಯಲ್ಲಿ 360 ಡಿಗ್ರಿ, ಎಂದರೆ ಸೆಕೆಂಡಿಗೆ 300 ಡಿಗ್ರಿಯಂತೆ, ತಿರುಗಬೇಕು. ಅಷ್ಟು ತಿರುವನ್ನೂ ನೀರು ಬಿಡುವ ಮೊದಲೇ ಸಂಪಾದಿಸಿರಬೇಕಷ್ಟೆ. ಒಡಲಿನ ಗುಣಾವಗುಣಗಳು ಬಹುಮಟ್ಟಿಗೆ ಆ ಒಂದು ಕ್ಷಣದಲ್ಲಿಯೇ ಬಯಲಾಗುತ್ತವೆ.

ಸಮುದ್ರದಲ್ಲಿ ಅಲೆಯ ಮುಖವೇ ಇಳಿಜಾರು ಹಲಗೆಯಂತೆ ಕೆಲಸಮಾಡುತ್ತದೆ. ಮೂತಿಯನ್ನು ಮೇಲಕ್ಕೆ ತಿರುಗಿಸುವ ಹೊಣೆಯನ್ನು ಅದೇ ಹೊರುತ್ತದೆ. ಒಡಲಿನಿಂದ ಅಪೇಕ್ಷಿತವಾದುದು ಬೇರೆ: ಕದಡಿದ ನೀರಿನಲ್ಲಿ ನೇರವಾಗಿ ಓಡುವುದು, ವೇಗವನ್ನು ಉಳಿಸಿಕೊಳ್ಳುವುದು, ನೊರೆಯೊಳಗೆ ಮೂತಿ ಹೂತುಹೋಗದಿರುವುದು. ನೊರೆಯೆಂದರೆ ಅರ್ಧ ಗಾಳಿ. ಅದರ ಸಾಂದ್ರತೆ ಕಡಿಮೆಯಾದುದರಿಂದ ತೇಲಿಸುವ ಬಲವೂ ಕಡಿಮೆ, ಪಂಪಿನ ಹಿಡಿತವೂ ಕಡಿಮೆ. ಆದಕಾರಣ ಅಲೆಗಾಗಿ ಮಾಡಿದ ಒಡಲಿನ ಮೂತಿ ದಪ್ಪನಾಗಿಯೂ, ಉದ್ದ ತುಸು ಹೆಚ್ಚಾಗಿಯೂ ಇರುವುದು ಉಚಿತ.

ನಿಶ್ಚಲ ಜಲದಲ್ಲಿ ಈ ಸಹಾಯ ಯಾವುದೂ ಇಲ್ಲ. ಸವಾರನು ತನ್ನ ಭಾರದಿಂದ ಮೂತಿಯನ್ನು ನೀರಿಗೆ ಅದುಮುತ್ತಾನೆ. ಮುಳುಗಿದ ಗಾತ್ರವು ಆರ್ಕಿಮಿಡೀಸನ ನಿಯಮದಂತೆ ಅದನ್ನು ಹಿಂದಕ್ಕೆಸೆಯುತ್ತದೆ. ಆ ಎಸೆತದೊಡನೆ ಎಂಜಿನ್ನಿನ ಪೂರ್ಣ ಶಕ್ತಿಯನ್ನು ಕೂಡಿಸಿ ಹಿಡಿಕಂಬವನ್ನು ಎಳೆದುಕೊಳ್ಳುತ್ತಾನೆ. ಹಿಂಭಾಗ ತಗ್ಗಿ ಮೂತಿ ಆಕಾಶಕ್ಕೆ ತಿರುಗಿದಾಗ ಪಂಪಿನ ತಳ್ಳು ನೆಟ್ಟಗೆ ಮೇಲಕ್ಕಾಗುತ್ತದೆ. ಇಂತಹ ಒಡಲು ಗಿಡ್ಡವಾಗಿರಬೇಕು, ಹಗುರವಾಗಿರಬೇಕು. ಅಡಿಯ ರೇಖೆಯು ತೂಗುಕುರ್ಚಿಯ ಕಾಲಿನಂತೆ ಮುಂದೆ ಮೇಲಕ್ಕೆ ಬಾಗಿರಬೇಕು. ಬಾಗು ಹೆಚ್ಚಿದಷ್ಟೂ ಒಡಲು ಸುಲಭವಾಗಿ ಹಿಂದಕ್ಕೆ ಉರುಳುತ್ತದೆ. ಆದರೆ ನೇರ ಓಟದಲ್ಲಿ ಅದೇ ಬಾಗಿನಿಂದ ಕುಪ್ಪಳಿಸುತ್ತ ಓಡುತ್ತದೆ, ವೇಗವೂ ತಗ್ಗುತ್ತದೆ. ಕೊಳದಲ್ಲಿ ಗುಣವಾದುದು ಕಡಲಿನಲ್ಲಿ ದೋಷವಾಗುವುದು ಹೀಗೆ.

ಉದ್ದದ ಮಹತ್ವವನ್ನು ಅಂಕಿಗಳಿಂದಲೇ ತಿಳಿಯಬಹುದು. ತಿರುಗುವಿಕೆಯನ್ನು ವಿರೋಧಿಸುವ ಜಡತ್ವವು ದ್ರವ್ಯರಾಶಿಗೂ ಉದ್ದದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 2008ರ ಸೂಪರ್‌ಜೆಟ್ಟಿನ ಉದ್ದ 2.24 ಮೀಟರ್, ತೂಕ 139 ಕಿಲೋಗ್ರಾಂ. 2017ರಲ್ಲಿ ಬಂದ ಕಾವಾಸಾಕಿ ಎಸ್‌ಎಕ್ಸ್-ಆರ್ ವಾಹನದ ಉದ್ದ ಸುಮಾರು 2.65 ಮೀಟರ್, ತೂಕ 250 ಕಿಲೋಗ್ರಾಂ. (ಮೊದಲನೆಯದು ಇಂಧನರಹಿತ ತೂಕ, ಎರಡನೆಯದು ಇಂಧನಸಹಿತ ತೂಕ, ಹೋಲಿಸುವವರು ಇದನ್ನು ಮರೆಯಬಾರದು.) ಆ ವ್ಯತ್ಯಾಸವನ್ನು ಕಳೆದರೂ ಎರಡನೆಯದರ ಜಡತ್ವ ಎರಡು ಪಟ್ಟಿಗಿಂತ ಹೆಚ್ಚು. ವೇಗದ ಪಂದ್ಯದಲ್ಲಿ ಇದು ಸ್ಥಿರತೆಯನ್ನು ಕೊಡುತ್ತದೆ, ಲಾಗಕ್ಕಾದರೋ ಹೊರೆ. ಸೂಪರ್‌ಜೆಟ್ಟನ್ನೇ 2.10 ಮೀಟರಿಗೆ ಮೊಟಕುಮಾಡಿದರೆ, ತೂಕ ಬದಲಾಗದಿದ್ದರೂ, ಜಡತ್ವದಲ್ಲಿ ನೂರಕ್ಕೆ 12ರಷ್ಟು ಉಳಿತಾಯವಾಗುತ್ತದೆ. ಕಾರ್ಖಾನೆಯ ಒಡಲನ್ನು ಗಾಜುನಾರು ಬೆರೆತ ರಾಳದ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಅದರ ಬದಲು ಇಂಗಾಲದ ನಾರಿನಿಂದ ಕಟ್ಟಿದ ಗಿಡ್ಡ ಒಡಲುಗಳನ್ನು ಬೇರೆ ತಯಾರಕರಿಂದ ಕೊಳ್ಳುವ ರೂಢಿ ಬೆಳೆದುದಕ್ಕೆ ಕಾರಣ ಇದೇ.

ಏರುವುದರ ಬಗೆಗೆ ಇಷ್ಟು ಹೇಳಿದ ಮೇಲೆ ಇಳಿಯುವುದನ್ನು ಕುರಿತು ಹೇಳದಿರುವುದು ತಪ್ಪಾದೀತು. ಬೀಳುವಾಗಲೂ ವೇಗ ಸೆಕೆಂಡಿಗೆ 6 ಮೀಟರೇ. ವಾಹನವು 30 ಸೆಂಟಿಮೀಟರ್ ಮುಳುಗುತ್ತ ನಿಂತರೆ ಸವಾರನ ಕಾಲುಗಳ ಮೇಲಿನ ಸರಾಸರಿ ಆಘಾತವು ಗುರುತ್ವದ ಆರು ಪಟ್ಟು. 10 ಸೆಂಟಿಮೀಟರಿನಲ್ಲಿಯೇ ನಿಂತರೆ ಹದಿನೆಂಟು ಪಟ್ಟು. ಚಪ್ಪಟೆ ತಳ ನೀರನ್ನು ಅಂಗೈಯಂತೆ ಬಡಿಯುತ್ತದೆ. ನೇಗಿಲಿನಂತೆ ಚೂಪಾದ ತಳ ಸೀಳಿಕೊಂಡು ಇಳಿಯುತ್ತದೆ. ತಳದ ಅಂಚಿನ ಮಾತೂ ಹಾಗೆಯೇ. ಹರಿತವಾದ ಅಂಚು ತಿರುವಿನಲ್ಲಿ ನೀರನ್ನು ಕಚ್ಚಿ ಹಿಡಿಯುವುದು ನಿಜ. ಆದರೆ ವಾಹನವು ಓರೆಯಾಗಿ ಬಿದ್ದಾಗ ಅದೇ ಅಂಚು ಸಿಕ್ಕಿಕೊಂಡು ಸವಾರನನ್ನು ಪಕ್ಕಕ್ಕೆ ಎಸೆಯುತ್ತದೆ. ಅವನ ಪಾದಗಳು ತಗ್ಗಿನ ಹಿಡಿಪಟ್ಟಿಗಳಲ್ಲಿ ಬಿಗಿಯಾಗಿ ಸೇರಿರುವಾಗ ಆ ಎಸೆತದ ಬಲವನ್ನೆಲ್ಲ ಹರಡು ಮತ್ತು ಮಂಡಿಗಳೇ ತಡೆಯಬೇಕಾಗುತ್ತದೆ. ಕೊಳ್ಳುವವರು ಮೊದಲು ಕೇಳುವುದು ತೂಕವನ್ನು, ಆಮೇಲೆ ಎಂಜಿನ್ನಿನ ಶಕ್ತಿಯನ್ನು. ತಳದ ಕೋನ ಎಷ್ಟು, ಅಂಚು ದುಂಡೋ ಹರಿತವೋ ಎಂಬುದನ್ನು ಒಡಲನ್ನು ಮಗುಚಿ ಹಾಕಿ ಕೈಯಿಂದ ತಡವಿ ನೋಡಬೇಕು.