ಪ್ರಿಂಟು ಇದ್ದ ಮೇಲೆ ನೆಗೆಟಿವ್ ಯಾಕೆ?

ಆಲ್ಬಂ ಜೋಪಾನ ಮಾಡುವ ಮನೆಗಳಲ್ಲೂ ಸ್ಟುಡಿಯೋದವರು ಕೊಟ್ಟ ನೆಗೆಟಿವ್ ಕವರು ಮನೆ ಬದಲಿಸುವಾಗ ರದ್ದಿಗೆ ಹೋಗುತ್ತದೆ. ಪ್ರಿಂಟು ಇದೆಯಲ್ಲ ಎಂಬ ಧೈರ್ಯ. ಆದರೆ ಕ್ಯಾಮೆರಾದೊಳಗೆ ಬೆಳಕು ಬಿದ್ದದ್ದು ಫಿಲ್ಮಿನ ಮೇಲೆ. ಪ್ರಿಂಟು ಅದರ ನಕಲು, ಅದೂ ಎಷ್ಟೋ ಸಲ ಅಂಚು ಕತ್ತರಿಸಿದ ನಕಲು. 35 ಎಂ.ಎಂ. ಫಿಲ್ಮಿನ ಒಂದು ಚಿತ್ರ 24×36 ಮಿಲಿಮೀಟರ್. ಅದನ್ನು 5×7 ಇಂಚಿನ ಕಾಗದಕ್ಕೆ ತುಂಬಿಸಿದರೆ ಉದ್ದದಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಹೊರಗುಳಿಯುತ್ತದೆ. ಮದುವೆಯ ಗ್ರೂಪ್ ಫೋಟೊದ ತುದಿಯಲ್ಲಿ ಅರ್ಧ ಮುಖವಷ್ಟೇ ಕಾಣುವ ಸೋದರತ್ತೆ ನೆಗೆಟಿವ್‌ನಲ್ಲಿ ಪೂರ್ತಿ ಸಿಗಬಹುದು.

ಪ್ರಿಂಟರಿನ ಜತೆಗಿರುವ ಸ್ಕ್ಯಾನರ್ ಸಾಕು ಎಂಬುದೂ ತಪ್ಪು. ಅದು ಕಾಗದದಿಂದ ವಾಪಸು ಬಂದ ಬೆಳಕನ್ನು ಓದುತ್ತದೆ. ನೆಗೆಟಿವ್‌ಗೆ ಬೆಳಕು ಹಿಂದಿನಿಂದ ಹಾದು ಬರಬೇಕು. ಫಿಲ್ಮ್ ಸ್ಕ್ಯಾನರ್ ಇಲ್ಲದಿದ್ದರೆ ಟ್ಯಾಬ್ಲೆಟ್ ಪರದೆಯನ್ನು ಬೆಳ್ಳಗೆ ಬೆಳಗಿಸಿ, ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಹಿಡಿದು, ಕೋಣೆಯ ದೀಪ ಆರಿಸಿ ಮ್ಯಾಕ್ರೋ ಲೆನ್ಸ್‌ನಲ್ಲಿ ತೆಗೆಯಬಹುದು. ಫಿಲ್ಮನ್ನು ನೇರ ಪರದೆ ಮೇಲಿಟ್ಟರೆ ಪಿಕ್ಸೆಲ್ ಚುಕ್ಕೆಗಳು ಚಿತ್ರದಲ್ಲಿ ಮೂಡುತ್ತವೆ. ಒಂದೆರಡು ಇಂಚು ಅಂತರ ಬೇಕು. ಹೊಳೆಯುವ ಬದಿ ಕ್ಯಾಮೆರಾ ಕಡೆಗಿರಲಿ, ಇಲ್ಲದಿದ್ದರೆ ಎಡ ಬಲವಾಗುತ್ತದೆ. ಅಂಚಿನ ಅಕ್ಷರ ನೇರವಾಗಿ ಓದಲು ಬಂದರೆ ಸರಿಯಿದೆ. ಸೆರಗು ನೋಡಿಯೂ ತಿಳಿಯಬಹುದು, ಆದರೆ ಕೊಡವರ ಮನೆಯ ಚಿತ್ರವಾದರೆ ಎಚ್ಚರ: ಅಲ್ಲಿ ಸೆರಗು ಬಲ ಹೆಗಲ ಮೇಲೇ ಇರುತ್ತದೆ.

ಆ್ಯಪ್‌ನಲ್ಲಿ ‘ಇನ್ವರ್ಟ್’ ಒತ್ತಿ, ಎಲ್ಲರೂ ನೀಲಿಗಟ್ಟಿ ಕಂಡೊಡನೆ ಬಣ್ಣ ಹಾಳಾಗಿದೆ ಎಂದು ಕೈಬಿಡುವವರು ಬಹಳ. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ಹಳತಾದ ಗುರುತಲ್ಲ. ಫಿಲ್ಮಿನ ಬಣ್ಣದ ಪದರಗಳು ತಮ್ಮ ಪಾಲಿನದಲ್ಲದ ಬೆಳಕನ್ನೂ ಸ್ವಲ್ಪ ಹೀರುತ್ತವೆ. ಆ ದೋಷ ಸರಿದೂಗಿಸಲು ಕಾರ್ಖಾನೆಯಲ್ಲೇ ಸೇರಿಸಿದ್ದು ಅದು. ಎರಡು ಚಿತ್ರಗಳ ನಡುವಿನ ಖಾಲಿ ಫಿಲ್ಮೂ ಫೋಟೊದಲ್ಲಿ ಬರುವಂತೆ ತೆಗೆದು, ಅದರ ಬಣ್ಣವನ್ನು ಮೊದಲು ಕಳೆಯಿರಿ. ಆಮೇಲೆ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಹೊಂದಿಸಿ. ಅಜ್ಜನ ಪಂಚೆ ಬಿಳಿಯಾಗುತ್ತಿದ್ದಂತೆ ಉಳಿದ ಬಣ್ಣಗಳೂ ಬಹುಮಟ್ಟಿಗೆ ದಾರಿಗೆ ಬರುತ್ತವೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೆಚ್ಚು ನಷ್ಟ ಮಾಡುವುದು ಇನ್ನೊಂದು ನಂಬಿಕೆ: ಬೂಷ್ಟು ಹಿಡಿದರೆ ನೀರಲ್ಲಿ ತೊಳೆದರಾಯಿತು. ದಯವಿಟ್ಟು ಬೇಡ. ಚಿತ್ರ ಇರುವುದು ಜೆಲಾಟಿನ್ ಪದರದಲ್ಲಿ; ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಹಾಗೆ ತಿಂದ ಜಾಗ ನೀರು ತಾಗಿದರೆ ಕರಗಿ, ಮುಖವೇ ಜಾರಿಹೋಗಬಹುದು. ಬಾಯಿಂದ ಊದುವುದೂ ಬೇಡ, ಉಗುಳಿನ ಹನಿ ಕಲೆಯಾಗುತ್ತದೆ. ರಬ್ಬರ್ ಬ್ಲೋವರ್ ಮತ್ತು ಮೆತ್ತನೆ ಬ್ರಷ್‌ನಿಂದ ಸಡಿಲ ಧೂಳನ್ನಷ್ಟೇ ತೆಗೆದು, ಉಳಿದ ಕಲೆಯನ್ನು ಕಂಪ್ಯೂಟರಿನಲ್ಲಿ ತಿದ್ದಿ. ಸ್ಕ್ಯಾನರಿನ ಇನ್‌ಫ್ರಾರೆಡ್ ಧೂಳು ನಿವಾರಣೆ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿಗೆ ಆಗುವುದಿಲ್ಲ. ಅದರೊಳಗಿನ ಬೆಳ್ಳಿ ಆ ಕಿರಣವನ್ನು ತಡೆಯುತ್ತದೆ.

ಡಿಪಿಐ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತೂ ಪೂರ್ತಿ ನಿಜವಲ್ಲ. 2400ಕ್ಕೇ ಸುಮಾರು 7.7 ಮೆಗಾಪಿಕ್ಸೆಲ್ ಸಿಗುತ್ತದೆ, ಆಲ್ಬಮ್ಮಿಗೆ ಧಾರಾಳ.

ಸ್ಕ್ಯಾನ್ ಆದ ಮೇಲೂ ಫಿಲ್ಮ್ ಎಸೆಯಬೇಡಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು, ಕಾಗದದ ಲಕೋಟೆಯಲ್ಲಿ, ಅಟ್ಟದ ಸೆಕೆ ತಾಗದ ಒಣ ಕಪಾಟಿನಲ್ಲಿಡಿ. ಯಾವುದಾದರೂ ವಿನೆಗರಿನಂತೆ ಹುಳಿ ವಾಸನೆ ಹೊಡೆದರೆ ಅದರ ಅಸಿಟೇಟ್ ಹಾಳೆ ಒಡೆಯುತ್ತಿದೆ ಎಂದರ್ಥ. ಅದರ ಆಮ್ಲ ಪಕ್ಕದವಕ್ಕೂ ತಗಲುತ್ತದೆ. ಅಂಥವನ್ನು ಬೇರೆ ಇಟ್ಟು, ಸ್ಕ್ಯಾನಿಂಗ್ ಅವುಗಳಿಂದಲೇ ಶುರುಮಾಡಿ.