ತಾತನ ಹಾರ್ಮೋನಿಯಂಗೆ ಮೊದಲಿನ ಹೊಳಪು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವುದೋ ಹಳೆಯ ಮನೆಯ ಅಟ್ಟದಲ್ಲಿ ತಾತನ ಕಾಲದ ಹಾರ್ಮೋನಿಯಂ ಸಿಕ್ಕಿತೆನ್ನಿ. ಅದರ ಮೇಲೆ ಯಾರೋ ಎನಾಮಲ್ ಬಣ್ಣ ಬಳಿದಿದ್ದಾರೆ. ಉಜ್ಜುಕಾಗದ ಹಿಡಿಯುವ ಮೊದಲು ತಾಳ್ಮೆ ಬೇಕು. ಕೆರೆದು ಹೋದದ್ದು ಮತ್ತೆ ಬಾರದು.

ಹಿಂದೆ ಮರದ ಸಾಮಾನಿಗೆ ಹೆಚ್ಚಾಗಿ ಹಚ್ಚುತ್ತಿದ್ದುದು ಅರಗಿನ ಪಾಲಿಶ್. ಅರಗಿನ ಹುಳು ಕೊಂಬೆಗಳ ಮೇಲೆ ಸ್ರವಿಸುವ ರಾಳವನ್ನು ಶುದ್ಧಗೊಳಿಸಿ ಸ್ಪಿರಿಟ್‌ನಲ್ಲಿ ಕರಗಿಸಿದರೆ ಅದು ಸಿದ್ಧ. ಸ್ಪಿರಿಟ್ ಆರಿದಾಗ ಅರಗು ತೆಳುವಾದ ಪದರವಾಗಿ ಉಳಿಯುತ್ತದೆ. ಮತ್ತೆ ಸ್ಪಿರಿಟ್ ತಗುಲಿದರೆ ಕರಗುತ್ತದೆ. ಎನಾಮಲ್ ಹಾಗಲ್ಲ. ಅದು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಗಟ್ಟಿಯಾಗುತ್ತದೆ, ಸ್ಪಿರಿಟ್‌ಗೆ ಜಗ್ಗುವುದಿಲ್ಲ.

ಹಾಗಾಗಿ ಪರೀಕ್ಷೆ ಸುಲಭ. ಎನಾಮಲ್ ತಾಗದ ಮೂಲೆಯೊಂದಕ್ಕೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಬೇಕು. ಅಂಟಂಟಾದರೆ ಮೂಲ ಹೊಳಪು ಅರಗಿನದು. ಬೆಂಕಿ ದೂರವಿರಲಿ, ಹಿರಿಯರು ಜೊತೆಗಿರಲಿ.

ಬಣ್ಣ ತೆಗೆಯುವ ಕೆಲಸ ಮಾತ್ರ ಅನುಭವಿ ಬಡಗಿಗೆ ಬಿಡುವುದೇ ಲೇಸು. ಹಳೆಯ ಬಣ್ಣದಲ್ಲಿ ಸೀಸವಿರಬಹುದು; ಅದರ ಧೂಳು ಮಕ್ಕಳ ಮಿದುಳಿಗೆ ವಿಷ.

1950ರ ದಶಕದ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರ್‌ಗಳ ಲೇಪ ನೈಟ್ರೋಸೆಲ್ಯುಲೋಸಿನದು. ಅದು ಬಿರುಕು ಬಿಟ್ಟಿದ್ದರೂ ಮೂಲದ್ದೇ ಆಗಿದ್ದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ತಾತನ ಬೆರಳು ಸವೆಸಿದ ಜಾಗಕ್ಕೂ ಅಂಥದೇ ಬೆಲೆಯಿದೆ, ಅಲ್ಲವೆ?